ಡ್ರೈವರ್‌ನಲ್ಲಿ ಕ್ಲಾಕ್ ಆಫ್ ಮಾಡುವುದು ಯಾರ ಕೆಲಸ? ಮೂರು ದಾರಿಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ರನ್‌ಟೈಮ್ ಸಸ್ಪೆಂಡ್ ಮತ್ತು ರಿಸ್ಯೂಮ್ ಕಾಲ್‌ಬ್ಯಾಕ್‌ಗಳಿಗೆ, ಅಂದರೆ ಡಿವೈಸ್ ಮಲಗುವಾಗ ಮತ್ತು ಏಳುವಾಗ ಕರ್ನಲ್ ಕರೆಯುವ ಡ್ರೈವರ್‌ನ ಫಂಕ್ಷನ್‌ಗಳಿಗೆ. ಕ್ಲಾಕ್ ಎಂದರೆ ಹಾರ್ಡ್‌ವೇರ್ ಓಡಲು ಬೇಕಾದ ಮಿಡಿತದ ಸಿಗ್ನಲ್, ಆನ್ ಇದ್ದಷ್ಟೂ ಕರೆಂಟ್ ತಿನ್ನುತ್ತದೆ. ಬ್ಯಾಟರಿ ಮೇಲೆ ಓಡುವ ಒಂದು ಬೋರ್ಡ್‌ನ ಎಸ್‌ಪಿಐ (ಚಿಪ್‌ಗಳ ನಡುವೆ ಡೇಟಾ ಸಾಗಿಸುವ ಸೀರಿಯಲ್ ಬಸ್) ಕಂಟ್ರೋಲರ್ ಡ್ರೈವರ್ ನನ್ನ ಪಾಲಿಗೆ ಬಂದಿತ್ತು. ಲಿನಕ್ಸ್ ಕೊಡುವ ಮೂರೂ ರೀತಿಯಲ್ಲಿ ಅದನ್ನು ಬರೆದು ಓಡಿಸಿ ನೋಡಿದ ಮೇಲಿನ ಮಾತಿದು.

ಎಲ್ಲಕ್ಕಿಂತ ಸುಲಭದ್ದು ಡೆವ್‌ಎಂ_ಸಿಎಲ್‌ಕೆ_ಗೆಟ್_ಎನೇಬಲ್ಡ್. ಪ್ರೋಬ್‌ನಲ್ಲಿ, ಅಂದರೆ ಡ್ರೈವರ್ ಡಿವೈಸ್‌ಗೆ ಕೂಡಿಕೊಳ್ಳುವಾಗ ಓಡುವ ಫಂಕ್ಷನ್‌ನಲ್ಲಿ, ಒಂದು ಸಾಲು ಬರೆದರೆ ಕ್ಲಾಕ್ ಆನ್. ಡ್ರೈವರ್ ಕಳಚಿದಾಗ ತಾನೇ ಆಫ್. ಆದರೆ ಮಧ್ಯೆ ಡಿವೈಸ್ ಸುಮ್ನೆ ಕೂತಿದ್ದರೂ ಕ್ಲಾಕ್ ಓಡುತ್ತಲೇ ಇರುತ್ತದೆ. ಸದಾ ಕರೆಂಟ್‌ಗೆ ಸಿಕ್ಕಿಸಿರುವ ಬೋರ್ಡ್ ಆದರೆ ಇಷ್ಟೇ ಸಾಕು.

ಕಿರಿಕಿರಿ ಶುರುವಾಗುವುದು ಇದರ ಮೇಲೆ ರನ್‌ಟೈಮ್ ಪಿಎಂ (ಪವರ್ ಮ್ಯಾನೇಜ್‌ಮೆಂಟ್, ಕೆಲಸವಿಲ್ಲದ ಡಿವೈಸನ್ನು ಸಿಸ್ಟಮ್ ಓಡುತ್ತಿರುವಾಗಲೇ ಮಲಗಿಸುವ ವ್ಯವಸ್ಥೆ) ಅಂಟಿಸಿದಾಗ. ನನಗೆ ಸಿಕ್ಕ ಡ್ರೈವರ್ ಹಾಗೇ ಇತ್ತು. ಪ್ರೋಬ್‌ನಲ್ಲಿ ಈ ಡೆವ್‌ಎಂ ಕರೆ, ಸಸ್ಪೆಂಡ್ ಕಾಲ್‌ಬ್ಯಾಕ್‌ನಲ್ಲಿ ಅದೇ ಕ್ಲಾಕ್ ಆಫ್. ದಿನವಿಡೀ ಚೆನ್ನಾಗಿ ಓಡುತ್ತದೆ. ಮಾಡ್ಯೂಲ್ ತೆಗೆದಾಗ ಮಾತ್ರ ‘ಆಲ್ರೆಡಿ ಡಿಸೇಬಲ್ಡ್’ ಎಂಬ ಎಚ್ಚರಿಕೆ, ಬೆನ್ನಿಗೇ ‘ಆಲ್ರೆಡಿ ಅನ್‌ಪ್ರಿಪೇರ್ಡ್’. ಸಸ್ಪೆಂಡ್ ಆಗಲೇ ಆಫ್ ಮಾಡಿದ್ದ ಕ್ಲಾಕನ್ನು ಡೆವ್‌ಎಂ ಇನ್ನೊಮ್ಮೆ ಆಫ್ ಮಾಡಲು ಹೋಗುತ್ತದೆ, ಅದಕ್ಕೆ.

ಪ್ರತಿ ಸಲ ಕಾಣಿಸಿದ್ದರೆ ಯಾರಾದರೂ ಯಾವಾಗಲೋ ಸರಿಮಾಡಿರುತ್ತಿದ್ದರು, ಅಲ್ವಾ? ಆದರೆ ರಿಮೂವ್ (ಡ್ರೈವರ್ ಕಳಚುವಾಗ ಓಡುವ ಫಂಕ್ಷನ್) ಕರೆಯುವ ಮುಂಚೆ ಡ್ರೈವರ್ ಕೋರ್ ಡಿವೈಸನ್ನು ಒಮ್ಮೆ ಎಬ್ಬಿಸಿ ಮತ್ತೆ ಬಿಟ್ಟುಬಿಡುತ್ತದೆ. ಆಟೋಸಸ್ಪೆಂಡ್, ಅಂದರೆ ಸ್ವಲ್ಪ ಹೊತ್ತು ಕಾದು ಮಲಗಿಸುವ ಏರ್ಪಾಡು, ಇಲ್ಲದಿದ್ದರೆ ಅದು ತಕ್ಷಣ ಮಲಗುತ್ತದೆ, ಎಚ್ಚರಿಕೆ ಬರುತ್ತದೆ. ಆಟೋಸಸ್ಪೆಂಡ್ ಗಡುವು ಇದ್ದರೆ ರಿಮೂವ್ ಬರುವಾಗ ಡಿವೈಸ್ ಇನ್ನೂ ಎದ್ದೇ ಇರುತ್ತದೆ. ಲೆಕ್ಕ ಹೇಗೋ ಸರಿಹೋಗಿ ತಪ್ಪು ಮುಚ್ಚಿಹೋಗುತ್ತದೆ.

ಎರಡು ಡಿವೈಸ್‌ಗಳು ಒಂದೇ ಕ್ಲಾಕ್ ಹಂಚಿಕೊಂಡಿದ್ದರೆ ಇನ್ನೂ ಕಷ್ಟ. ಎನೇಬಲ್ ಎಣಿಕೆ (ಎಷ್ಟು ಸಲ ಆನ್ ಕೇಳಿದ್ದಾರೆ ಎಂಬ ಲೆಕ್ಕ, ಸೊನ್ನೆಯಾದರೆ ಕ್ಲಾಕ್ ಆಫ್) ಇರುವುದು ಕ್ಲಾಕ್‌ಗೆ ಒಂದರಂತೆ, ಬಳಸುವವರಿಗೆ ಒಂದರಂತೆ ಅಲ್ಲ. ನಮ್ಮ ಡ್ರೈವರ್ ಜಾಸ್ತಿ ಒಂದು ಸಲ ಆಫ್ ಮಾಡಿದರೆ ಕಳೆಯುವುದು ಪಕ್ಕದ ಡ್ರೈವರ್‌ನ ಪಾಲು. ಆಗ ಎಚ್ಚರಿಕೆಯೂ ಇಲ್ಲ. ಪಕ್ಕದ ಡ್ರೈವರ್ ಕ್ಲಾಕ್ ಇದೆ ಅಂದುಕೊಂಡು ರಿಜಿಸ್ಟರ್ ಓದುತ್ತದೆ. ಕೆಲವು ಎಆರ್‌ಎಂ ಚಿಪ್‌ಗಳಲ್ಲಿ ಎಕ್ಸ್‌ಟರ್ನಲ್ ಅಬಾರ್ಟ್ (ಓದು ವಿಫಲವಾಯ್ತೆಂಬ ಹಾರ್ಡ್‌ವೇರ್ ದೋಷ), ಕೆಲವದರಲ್ಲಿ ಇಡೀ ಬೋರ್ಡ್ ಹ್ಯಾಂಗ್. ಬಗ್ ಒಂದು ಕಡೆ, ಕ್ರ್ಯಾಶ್ ಲಾಗ್ ಇನ್ನೊಬ್ಬರ ಹೆಸರಲ್ಲಿ. ಡೀಬಗ್‌ಎಫ್‌ಎಸ್‌ನ (ಕರ್ನಲ್‌ನ ಒಳಸ್ಥಿತಿ ತೋರಿಸುವ ಫೈಲ್‌ಗಳು) ಸಿಎಲ್‌ಕೆ_ಸಮ್ಮರಿಯಲ್ಲಿ ಎಣಿಕೆ ನೋಡದೆ ಇದನ್ನು ಹಿಡಿಯುವುದು ಕಷ್ಟ.

ಎರಡನೆಯದು ಪಿಎಂ ಕ್ಲಾಕ್ಸ್. ಕ್ಲಾಕ್‌ಗಳ ಪಟ್ಟಿ ಕೊಟ್ಟರೆ ಸಸ್ಪೆಂಡ್, ರಿಸ್ಯೂಮ್ ಹೊತ್ತಿಗೆ ಕರ್ನಲ್ಲೇ ನೋಡಿಕೊಳ್ಳುತ್ತದೆ. ರೆನೆಸಾಸ್ ಚಿಪ್‌ಗಳಲ್ಲಿ ಕ್ಲಾಕ್ ಡೊಮೈನ್ ಇದನ್ನೇ ಬಳಸುತ್ತದೆ. ಕೋಡ್ ತುಂಬಾ ಕಡಿಮೆ. ಆದರೆ ನನ್ನ ಕಂಟ್ರೋಲರ್‌ಗೆ ಒಂದು ಕ್ಲಾಕ್ ಆನ್ ಆದಮೇಲೆ ರಿಸೆಟ್ ಬಿಡಿಸಿ, ಆಮೇಲೆ ಇನ್ನೊಂದನ್ನು ಆನ್ ಮಾಡಬೇಕು. ಅಂಥ ವರಸೆ ಇದ್ದರೆ ಈ ಪಟ್ಟಿ ಸಾಲದು.

ಹಾಗಾಗಿ ಕಾಲ್‌ಬ್ಯಾಕ್. ರಿಸ್ಯೂಮ್‌ನಲ್ಲಿ ಆನ್, ಸಸ್ಪೆಂಡ್‌ನಲ್ಲಿ ಆಫ್, ಬೇರೆಲ್ಲೂ ಕ್ಲಾಕ್ ಮುಟ್ಟುವುದಿಲ್ಲ. ಸಿಸ್ಟಮ್ ಸ್ಲೀಪ್‌ಗೂ ಪಿಎಂ_ರನ್‌ಟೈಮ್_ಫೋರ್ಸ್_ಸಸ್ಪೆಂಡ್ ಮೂಲಕ ಇದೇ ಕಾಲ್‌ಬ್ಯಾಕ್ ಸಾಕು. ಡಿವೈಸನ್ನು ಎಬ್ಬಿಸುವ ಗೆಟ್_ಸಿಂಕ್ ಸೋತರೂ ರನ್‌ಟೈಮ್ ಪಿಎಂನ ಬಳಕೆ ಎಣಿಕೆ (ಕ್ಲಾಕ್‌ನದಲ್ಲ) ಏರಿಯೇ ಇರುತ್ತದೆ, ಆದ್ದರಿಂದ ಕರ್ನಲ್ 5.10ರಲ್ಲಿ ಬಂದ ರಿಸ್ಯೂಮ್_ಅಂಡ್_ಗೆಟ್ ಬಳಸಿ. ಐಆರ್‌ಕ್ಯೂ_ಸೇಫ್ (ಇಂಟರಪ್ಟ್ ಆಫ್ ಇಟ್ಟೇ ಕಾಲ್‌ಬ್ಯಾಕ್ ಕರೆಯುವ ಬಗೆ) ಕಡೆ ಹೋಗಬೇಡಿ. ಪೇರೆಂಟ್ ಡಿವೈಸ್ ಸದಾ ಎದ್ದೇ ಇರಬೇಕಾಗುತ್ತದೆ, ಜೊತೆಗೆ ಕಾಲ್‌ಬ್ಯಾಕ್‌ನಲ್ಲಿ ಕ್ಲಾಕ್ ಪ್ರಿಪೇರ್ (ಆನ್ ಮಾಡುವ ಮುಂಚಿನ, ಕಾಯಬೇಕಾಗಬಹುದಾದ ತಯಾರಿ) ಮಾಡಲು ಆಗುವುದಿಲ್ಲ.

ಇದರ ಕೊರತೆ ಒಂದೇ. ಕರ್ನಲ್‌ನಲ್ಲಿ ಪಿಎಂ ಆಯ್ಕೆಯನ್ನೇ ತೆಗೆದಿದ್ದರೆ ಕಾಲ್‌ಬ್ಯಾಕ್ ಓಡುವುದೇ ಇಲ್ಲ, ಕ್ಲಾಕ್ ಆನ್ ಆಗುವುದೂ ಇಲ್ಲ. ನನ್ನ ಬೋರ್ಡ್‌ಗಳಲ್ಲಿ ಪಿಎಂ ಯಾವಾಗಲೂ ಇರುತ್ತದೆ, ಹಾಗಾಗಿ ಡ್ರೈವರ್‌ನ ಕೆಕಾನ್ಫಿಗ್‌ನಲ್ಲಿ (ಬಿಲ್ಡ್ ಆಯ್ಕೆಗಳ ಫೈಲ್) ಅದನ್ನು ಕಡ್ಡಾಯ ಮಾಡಿ ಮುಂದೆ ಹೋದೆ. ಪಿಎಂ ಇದ್ದರೂ ಇಲ್ಲದಿದ್ದರೂ ನಿಮ್ಮ ಡ್ರೈವರ್ ಓಡಬೇಕಿದ್ದರೆ ಪ್ರೋಬ್‌ನಲ್ಲಿ ಕ್ಲಾಕನ್ನು ಕೈಯಾರೆ ಆನ್ ಮಾಡಿ, ಸೆಟ್_ಆಕ್ಟಿವ್ ಕರೆದು ಡಿವೈಸ್ ಎದ್ದಿದೆ ಎಂದು ಹೇಳಿ, ಆಮೇಲೆ ರನ್‌ಟೈಮ್ ಪಿಎಂ ಎನೇಬಲ್ ಮಾಡಬೇಕು. ರಿಮೂವ್‌ನಲ್ಲಿ ಡಿವೈಸ್ ಮಲಗಿದೆಯೋ ಇಲ್ಲವೋ ನೋಡಿಯೇ ಆಫ್ ಮಾಡಬೇಕು.

ಕ್ಲಾಕ್ ಎಲ್ಲಿ ಆನ್ ಆಯ್ತು ಎಂದು ಹುಡುಕಲು ಒಂದೇ ಫೈಲ್ ತೆರೆದು ಓದುವ ಅಭ್ಯಾಸ ನನ್ನದು. ಮಿಲಿಆಂಪ್ ಲೆಕ್ಕವೂ ಬಿಗಿ. ಈ ಎರಡಕ್ಕೂ ಒಗ್ಗಿದ್ದು ಕಾಲ್‌ಬ್ಯಾಕ್ ದಾರಿಯೇ. ಕರೆಂಟ್ ಉಳಿಸುವ ಚಿಂತೆ ಇಲ್ಲದವರು ಮೊದಲನೆಯದನ್ನೇ ಇಟ್ಟುಕೊಳ್ಳಲಿ, ರನ್‌ಟೈಮ್ ಪಿಎಂನಲ್ಲಿ ಆ ಕ್ಲಾಕ್ ಮುಟ್ಟದಿದ್ದರೆ ಸಾಕು.