ಹಳೆಯ ಬೇಸ್ ಗಿಟಾರಿಗೆ ಯಾವ ಆಂಪ್ಲಿಫೈಯರ್? ನುಡಿಸಿ ನೋಡಿದ ಹೋಲಿಕೆ

ಹಳೆಯ ಬೇಸ್ ಗಿಟಾರುಗಳ ಬಗ್ಗೆ ಮಾತು ಶುರುವಾದರೆ ಅದು ಮರ, ಬಣ್ಣ ಮತ್ತು ತಯಾರಾದ ವರ್ಷದ ಸುತ್ತಲೇ ಉಳಿದುಬಿಡುತ್ತದೆ. ಕೊಳ್ಳುವವರಲ್ಲಿಯೂ ಹಣದ ಬಹುಪಾಲನ್ನು ವಾದ್ಯಕ್ಕೆ ಹಾಕಿ, ಉಳಿದದ್ದರಲ್ಲಿ ಸಿಕ್ಕಿದ ಆಂಪ್ಲಿಫೈಯರ್ ತರುವವರೇ ಹೆಚ್ಚು. 1960ರ ದಶಕದ ನಡುಭಾಗದ ಒಂದು ಫೆಂಡರ್ ಪ್ರಿಸಿಷನ್, 1970ರ ದಶಕದ ಒಂದು ಫೆಂಡರ್ ಜಾಝ್ ಮತ್ತು ಒಂದು ಹಳೆಯ ಗಿಬ್ಸನ್ ಇಬಿ-3, ಈ ಮೂರನ್ನೂ ಆಂಪೆಗ್ ಬಿ-15, ಆಂಪೆಗ್ ಎಸ್‌ವಿಟಿ ಹಾಗೂ ಇಂದಿನ ಹಗುರವಾದ ಕ್ಲಾಸ್-ಡಿ (ವಿದ್ಯುತ್ತನ್ನು ಅತಿವೇಗವಾಗಿ ಆನ್-ಆಫ್ ಮಾಡುತ್ತ ದನಿ ಹೆಚ್ಚಿಸುವ) ಆಂಪ್‌ಗಳ ಮೂಲಕ ಅದಲುಬದಲಾಗಿ ನುಡಿಸಿ ನೋಡಿದ ಮೇಲೆ ನಾನು ತಲುಪಿದ ನಿಲುವು ಬೇರೆಯೇ ಆಗಿದೆ. ಎರಡು ಒಳ್ಳೆಯ ಬೇಸ್‌ಗಳ ನಡುವೆ ಕೇಳಿಸುವ ವ್ಯತ್ಯಾಸಕ್ಕಿಂತ ಎರಡು ಸ್ಪೀಕರ್ ಕ್ಯಾಬಿನೆಟ್‌ಗಳ ನಡುವಿನ ವ್ಯತ್ಯಾಸವೇ ದೊಡ್ಡದು. ಹೀಗಾಗಿ ಹಳೆಯ ವಾದ್ಯವನ್ನು ಅದರ ನೆಕ್ (ಎಡಗೈ ತಂತಿ ಒತ್ತುವ ಉದ್ದನೆಯ ಕತ್ತು) ನೋಡಿ ಆರಿಸಬೇಕು, ನಾದವನ್ನು ಆಂಪ್‌ನಲ್ಲಿ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

ಹೋಲಿಕೆ ನ್ಯಾಯವಾಗಿರಬೇಕಾದರೆ ತಂತಿಗಳು ಒಂದೇ ಬಗೆಯವಾಗಿರಬೇಕು. ಹೊಸ ರೌಂಡ್‌ವೂಂಡ್ (ಉಬ್ಬುತಗ್ಗಿನ ಮೈಯ) ತಂತಿ ಹಾಕಿದ ಸಾಧಾರಣ ಬೇಸ್ ಕೂಡ ಹಳಸಿದ ಫ್ಲ್ಯಾಟ್‌ವೂಂಡ್ (ನುಣುಪು ಮೈಯ) ತಂತಿಯ ಅಮೂಲ್ಯ ವಾದ್ಯಕ್ಕಿಂತ ಚುರುಕಾಗಿ ಕೇಳಿಸುತ್ತದೆ. ಮಾರುವವರು ಹೇಳುವ ‘ಹಳೆಯ ಮರದ ನಾದ’ದಲ್ಲಿ ಎಷ್ಟೋ ಪಾಲು ತಂತಿಯದೇ ಆಗಿರುತ್ತದೆ. ಆದ್ದರಿಂದ ಮೂರಕ್ಕೂ ಒಂದೇ ದಪ್ಪದ ಫ್ಲ್ಯಾಟ್‌ವೂಂಡ್ ತಂತಿ ಹಾಕಿ, ಟೋನ್ ಗುಂಡಿಯನ್ನು ಪೂರ್ತಿ ತೆರೆದು, ಮೊದಲು ಒಂಟಿಯಾಗಿಯೂ ಆಮೇಲೆ ಡ್ರಮ್ಸ್ ಜೊತೆಗೂ ನುಡಿಸಿದೆ. ಈ ಎರಡನೆಯ ಹಂತವನ್ನು ಬಿಟ್ಟು ಕೊಟ್ಟ ತೀರ್ಪಿಗೆ ಹೆಚ್ಚು ಬೆಲೆಯಿಲ್ಲ. ಒಂಟಿಯಾಗಿ ನುಡಿಸುವಾಗ ಮನಸ್ಸಿಗೆ ಹಿಡಿಸುವ ತುಂಬು ತಗ್ಗುದನಿಯೇ ಡ್ರಮ್ಸ್ ಸೇರಿದೊಡನೆ ಎಲ್ಲಿ ಹೋಯಿತೆಂದು ತಿಳಿಯದಂತೆ ಮರೆಯಾಗುವುದುಂಟು.

ಪ್ರಿಸಿಷನ್ ಬೇಸ್ 1951ರಲ್ಲಿ ಬಂದಿತಾದರೂ ಇಂದು ನಾವು ಆ ಹೆಸರಿನೊಂದಿಗೆ ಗುರುತಿಸುವ ನಾದ ಹುಟ್ಟಿದ್ದು 1957ರಲ್ಲಿ, ಎರಡು ತುಂಡಾಗಿ ಸೀಳಿದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಬಂದಾಗ. ಎರಡು ತುಂಡುಗಳ ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿರುವುದರಿಂದ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆ ರದ್ದಾಗುತ್ತದೆ. ಪಿಕಪ್ ಒಂದೇ, ಗುಂಡಿ ಎರಡೇ, ಆಯ್ಕೆಗಳು ಕಡಿಮೆ. ಆದರೆ ನಾನು ನುಡಿಸಿದ ಮೂರು ವಾದ್ಯಗಳಲ್ಲಿ, ಆಂಪ್‌ನ ಯಾವ ಗುಂಡಿಯನ್ನೂ ಮುಟ್ಟದೆ ಡ್ರಮ್ಸ್ ನಡುವೆ ತನ್ನ ಜಾಗ ಹಿಡಿದುಕೊಂಡದ್ದು ಇದೊಂದೇ. ಕಿಕ್ ಡ್ರಮ್ಮಿನ ಪೆಟ್ಟಿಗೂ ಗಿಟಾರಿನ ದನಿಗೂ ನಡುವೆ ಉಳಿಯುವ ಕಿರಿದಾದ ಜಾಗದಲ್ಲಿ ಇದರ ಮಧ್ಯದ ದನಿ ಸರಿಯಾಗಿ ಕೂರುತ್ತದೆ. ಅಮೆರಿಕದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರು 1962ರ ಪ್ರಿಸಿಷನ್‌ಗೆ ಫ್ಲ್ಯಾಟ್‌ವೂಂಡ್ ತಂತಿ ಹಾಕಿ ನುಡಿಸಿದ ರೆಕಾರ್ಡಿಂಗುಗಳಲ್ಲಿ ಬೇಸ್ ಅಷ್ಟು ಸ್ಪಷ್ಟವಾಗಿ ಕೇಳಿಸುವುದಕ್ಕೆ ಅವರ ಬೆರಳೇ ಮುಖ್ಯ ಕಾರಣ, ನಿಜ. ಆದರೆ ವಾದ್ಯದ ಈ ಗುಣವೂ ಅದಕ್ಕೆ ನೆರವಾಗಿದೆ.

1960ರಲ್ಲಿ ಬಂದ ಜಾಝ್ ಬೇಸ್ ಕೈಗೆ ಹೆಚ್ಚು ಆಪ್ತ. ಇದರ ನೆಕ್ ನಟ್‌ನ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬಳಿ ಸುಮಾರು 38 ಮಿ.ಮೀ. ಅಗಲವಿದ್ದರೆ, ಆ ಕಾಲದ ಪ್ರಿಸಿಷನ್‌ಗಳಲ್ಲಿ ಸಾಮಾನ್ಯವಾಗಿ 44 ಮಿ.ಮೀ. ಇರುತ್ತದೆ. ಆರು ಮಿಲಿಮೀಟರ್ ಎಂದರೆ ಕಾಗದದ ಮೇಲೆ ಏನೂ ಅಲ್ಲ. ಮೊದಲ ಮೂರು ಫ್ರೆಟ್‌ಗಳಲ್ಲಿ ಎಡಗೈ ಹಬ್ಬಿಸಿ ಒಂದು ಗಂಟೆ ನುಡಿಸಿದ ಮೇಲೆ ಅದು ಮಣಿಕಟ್ಟಿಗೆ ಗೊತ್ತಾಗುತ್ತದೆ. ಎರಡು ಪಿಕಪ್‌ಗಳನ್ನೂ ಪೂರ್ತಿ ತೆರೆದಾಗ ಮಧ್ಯದ ದನಿ ತಗ್ಗಿ, ಮೇಲಿನದೂ ಕೆಳಗಿನದೂ ಅರಳುತ್ತವೆ. ಒಂಟಿಯಾಗಿ ಕೇಳಲು ಇದಕ್ಕಿಂತ ಸೊಗಸಾದುದಿಲ್ಲ. ಡ್ರಮ್ಸ್ ಜೊತೆಯಲ್ಲಿ ಮಾತ್ರ ನಾನು ನೆಕ್ ಕಡೆಯ ಪಿಕಪ್ಪಿನ ದನಿಯನ್ನು ಸ್ವಲ್ಪ ಇಳಿಸಿ ಬ್ರಿಡ್ಜ್ (ಒಡಲಿನ ಮೇಲೆ ತಂತಿಗಳು ಕೂರುವ ಭಾಗ) ಕಡೆಯದನ್ನು ಮುಂದಕ್ಕೆ ತರಲೇಬೇಕಾಯಿತು, ಹಾಗೆ ಒಂದನ್ನು ಇಳಿಸಿದೊಡನೆ, ಎರಡೂ ಸಮನಾಗಿದ್ದಾಗ ರದ್ದಾಗಿದ್ದ ಗುಂಯ್‌ಗುಟ್ಟುವ ಸದ್ದು ಮರಳಿ ಬಂತು. 1970ರ ದಶಕದ ಜಾಝ್‌ಗಳಲ್ಲಿ ಬ್ರಿಡ್ಜ್ ಪಿಕಪ್ಪು ಹಿಂದಿನವುಗಳಿಗಿಂತ ಸುಮಾರು 10 ಮಿ.ಮೀ. ಬ್ರಿಡ್ಜಿಗೆ ಹತ್ತಿರ ಸರಿದಿದೆ. ಹೆಬ್ಬೆರಳಿನಿಂದ ಹೊಡೆದು ನುಡಿಸುವವರಿಗೆ ಆ ಗರಿಗರಿ ದನಿ ಇಷ್ಟವಾಗುತ್ತದೆ, ಬೆರಳಿನಿಂದ ಮೀಟುವ ನನಗೆ ಅದು ತುಸು ತೆಳುವೆನಿಸಿತು.

ಇಬಿ-3 ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಫೆಂಡರ್‌ಗಳ 34 ಇಂಚಿನ ಬದಲು ಇದರ ತಂತಿಯ ಉದ್ದ 30.5 ಇಂಚು, ಚಿಕ್ಕ ಕೈಯವರಿಗೆ ಇದು ವರದಾನ. ಆದರೆ ನೆಕ್‌ನ ಬುಡದಲ್ಲಿರುವ ದೊಡ್ಡ ಪಿಕಪ್ಪಿನಿಂದ ಬರುವ ನಾದದಲ್ಲಿ ಸ್ವರದ ಅಂಚು ಮಸುಕಾಗಿರುತ್ತದೆ. ಅದನ್ನು ಬಯಸಿ ಕೊಳ್ಳುವವರಿಗಷ್ಟೇ ಇದು ಸರಿ, ಒಂದೇ ಬೇಸ್ ಇಟ್ಟುಕೊಳ್ಳುವವರಿಗೆ ಅಲ್ಲ.

ಕೊಳ್ಳುವ ಮುನ್ನ ನಾನು ಹೆಚ್ಚು ಹೊತ್ತು ಕಳೆಯುವುದು ನೆಕ್‌ನ ಮೇಲೆಯೇ. 1960ರ ದಶಕದ ಫೆಂಡರ್‌ಗಳಲ್ಲಿ ಟ್ರಸ್ ರಾಡ್ (ನೆಕ್ ಬಾಗದಂತೆ ಅದರೊಳಗೆ ಹಾಕಿದ ಲೋಹದ ಸರಳು) ತಿರುಗಿಸುವ ತಿರುಪು ನೆಕ್‌ನ ಬುಡದಲ್ಲಿ, ಒಡಲಿನೊಳಗೆ ಹುದುಗಿರುತ್ತದೆ. ಅದರಲ್ಲಿ ಇನ್ನೂ ತಿರುಗಲು ಅವಕಾಶ ಉಳಿದಿದೆಯೇ ಎಂಬುದನ್ನು ನೆಕ್ ಬಿಚ್ಚದೆ ಖಚಿತವಾಗಿ ತಿಳಿಯಲಾಗದು. ನಾನು ಮಾತಾಡಿಸಿದ್ದ ಒಬ್ಬ ಮಾರಾಟಗಾರರು ಬಿಚ್ಚಿ ತೋರಿಸಲು ಒಪ್ಪಲಿಲ್ಲ. ವಾದ್ಯ ಎಷ್ಟೇ ಅಂದವಾಗಿದ್ದರೂ ಆ ವ್ಯವಹಾರವನ್ನು ಅಲ್ಲಿಗೇ ಬಿಟ್ಟೆ. ತಿರುಪು ಕೊನೆ ಮುಟ್ಟಿದ್ದು, ನೆಕ್ ಇನ್ನೂ ಬಾಗಿಯೇ ಇದ್ದರೆ, ಅದರ ದುರಸ್ತಿ ನಿಪುಣರ ಕೈಯಲ್ಲಿಯೂ ದುಬಾರಿಯೇ. ನೆಕ್ ಬಿಚ್ಚಿದಾಗ ಬುಡದಲ್ಲಿ ಒತ್ತಿರುವ ದಿನಾಂಕವೂ ಕಾಣಸಿಗುತ್ತದೆ. ವಾಲ್ಯೂಮ್ ಗುಂಡಿಗಳ ಕೆಳಗಿನ ಪೊಟೆನ್ಶಿಯೋಮೀಟರಿನ (ದನಿ ಏರಿಳಿಸುವ ವಿದ್ಯುತ್ ಭಾಗ) ಮೇಲಿನ ಅಂಕಿಗಳಲ್ಲಿ ಮೊದಲಿನವು ತಯಾರಕರನ್ನು, ನಂತರದವು ವರ್ಷ ಮತ್ತು ವಾರವನ್ನು ಹೇಳುತ್ತವೆ. 137 ಎಂದರೆ ಸಿಟಿಎಸ್, 304 ಎಂದರೆ ಸ್ಟ್ಯಾಕ್‌ಪೋಲ್. ಈ ಅಂಕಿಗಳು ವಾದ್ಯ ಅದಕ್ಕಿಂತ ಹಿಂದಿನದಲ್ಲ ಎಂಬುದನ್ನು ಮಾತ್ರ ಸಾರುತ್ತವೆ. 1966ರಲ್ಲಿ ತಯಾರಾದ ಪೊಟೆನ್ಶಿಯೋಮೀಟರುಗಳನ್ನು ಫೆಂಡರ್ ಆಮೇಲೂ ಕೆಲವು ವರ್ಷ ಬಳಸಿದ್ದುಂಟು.

ಇನ್ನೊಂದು ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಜಿ ತಂತಿಯ 5ರಿಂದ 7ನೆಯ ಫ್ರೆಟ್‌ವರೆಗೆ ಒಂದೊಂದೇ ಸ್ವರ ನುಡಿಸಿ, ಅದು ತಾನಾಗಿಯೇ ಆರುವವರೆಗೆ ಕೇಳಬೇಕು. ಹಲವು ಫೆಂಡರ್‌ಗಳಲ್ಲಿ ಇಲ್ಲೆಲ್ಲೋ ಒಂದು ಸ್ವರ ಬೇಗ ಸತ್ತುಹೋಗುತ್ತದೆ, ಏಕೆಂದರೆ ಆ ಸ್ವರದಲ್ಲಿ ನೆಕ್ಕೇ ಕಂಪಿಸಿ ತಂತಿಯ ಬಲವನ್ನು ಹೀರಿಕೊಳ್ಳುತ್ತದೆ. ನಾನು ನುಡಿಸಿದ ಜಾಝ್‌ನಲ್ಲಿ 5ನೆಯ ಫ್ರೆಟ್ಟಿನ ಸಿ ಸ್ವರ ಹೀಗೆ ಕುಸಿಯುತ್ತಿತ್ತು; ಅದರ ಎರಡೂ ಬದಿಯ ಸ್ವರಗಳು ನಿಡಿದಾಗಿ ನಿಲ್ಲುತ್ತಿದ್ದವು. ನಿಧಾನಗತಿಯಲ್ಲಿ ಎಳೆದು ನುಡಿಸುವವರಿಗೆ ಇದು ದೊಡ್ಡ ಕೊರತೆ. ಮರುಬಣ್ಣ, ಬದಲಿಸಿದ ಬ್ರಿಡ್ಜ್, ಬದಲಿಸಿದ ಬಿರಡೆ ಇವೆಲ್ಲ ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆ ಇಳಿಸುತ್ತವೆ, ನುಡಿಸುವವರಿಗೆ ಅದೇ ಲಾಭ. ಮರುಬಣ್ಣ ಕಂಡರೆ ನನಗೆ ಸಂತೋಷವೇ.

ಇನ್ನು ಆಂಪ್‌ಗಳು. 1960ರಲ್ಲಿ ಬಂದ ಬಿ-15ರ ಟ್ಯೂಬ್ (ದನಿ ಹೆಚ್ಚಿಸುವ ಗಾಜಿನ ನಳಿಕೆ) ಭಾಗ ಪೆಟ್ಟಿಗೆಯ ಮುಚ್ಚಳಕ್ಕೇ ಜೋಡಿಸಿಕೊಂಡಿದ್ದು, ಸಾಗಿಸುವಾಗ ಮಗುಚಿ ಒಳಗೆ ಸೇರುತ್ತದೆ. 15 ಇಂಚಿನ ಒಂದು ಸ್ಪೀಕರ್, ಸುಮಾರು 25ರಿಂದ 30 ವ್ಯಾಟ್. ಪ್ರಿಸಿಷನ್ನನ್ನು ಇದಕ್ಕೆ ಜೋಡಿಸಿ ಮೀಟಿದಾಗ ಸ್ವರದ ಮೊದಲ ಪೆಟ್ಟು ಮೆತ್ತಗಾಗಿ, ಅದರ ಬೆನ್ನಿಗೇ ದುಂಡಾದ ಮೈ ತುಂಬಿಕೊಳ್ಳುತ್ತದೆ. ಕೊಠಡಿಯಲ್ಲಿ, ಮೈಕ್ ಇಟ್ಟು ರೆಕಾರ್ಡ್ ಮಾಡುವಲ್ಲಿ ಇದನ್ನು ಮೀರಿಸಿದ್ದನ್ನು ನಾನು ಕೇಳಿಲ್ಲ. ಡ್ರಮ್ಸ್ ನುಡಿಸುವವರು ಕೈ ಬಿಗಿ ಮಾಡಿದೊಡನೆ ಮಾತ್ರ ಇದು ಸೋಲುತ್ತದೆ, ದನಿ ಏರುವ ಬದಲು ಒಡೆಯತೊಡಗುತ್ತದೆ.

ಎಸ್‌ವಿಟಿ ಬಂದದ್ದು 1969ರಲ್ಲಿ, ದೊಡ್ಡ ವೇದಿಕೆಗೆಂದೇ. 300 ವ್ಯಾಟ್‌ನ ಟ್ಯೂಬ್ ಹೆಡ್ (ಸ್ಪೀಕರ್ ಇಲ್ಲದ ಆಂಪ್ ಭಾಗ), ಜೊತೆಗೆ 10 ಇಂಚಿನ ಎಂಟು ಸ್ಪೀಕರುಗಳ ಮುಚ್ಚಿದ ಕ್ಯಾಬಿನೆಟ್. ಇದರ ಗುಟ್ಟು ತಗ್ಗುದನಿಯಲ್ಲಿದೆ ಎಂದು ಹಲವರು ಭಾವಿಸುತ್ತಾರೆ. ನನಗೆ ಕಂಡದ್ದು ಅದಲ್ಲ. ಬೇಸಿನ ತೆರೆದ ಇ ತಂತಿಯ ಮೂಲ ಕಂಪನ 41 ಹರ್ಟ್ಸ್. ಮುಚ್ಚಿದ ಕ್ಯಾಬಿನೆಟ್ ಅಷ್ಟು ಕೆಳಗೆ ಹೆಚ್ಚೇನೂ ಕೊಡುವುದಿಲ್ಲ. ಅದು ಧಾರಾಳವಾಗಿ ಕೊಡುವುದು 82 ಹರ್ಟ್ಸ್ ಮತ್ತು ಅದರ ಮೇಲಿನ ಉಪಸ್ವರಗಳನ್ನು. ನಮ್ಮ ಕಿವಿ ಆ ಉಪಸ್ವರಗಳಿಂದಲೇ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ತೆಳುವೆನಿಸಿದ್ದ ಜಾಝ್ ಇದರಲ್ಲಿ ಮೈಕೈ ತುಂಬಿಕೊಂಡಿತು, ಪ್ರಿಸಿಷನ್ ಗೋಡೆಯಂತೆ ನಿಂತಿತು, ಇಬಿ-3 ಕೂಡ ಮೊದಲ ಬಾರಿಗೆ ಸ್ವರಸ್ವರವಾಗಿ ಕೇಳಿಸಿತು. ಆದರೆ ಹಳೆಯ ಹೆಡ್ ಒಂದೇ ಸುಮಾರು 38 ಕಿ.ಗ್ರಾಂ. ತೂಗುತ್ತದೆ, ಕ್ಯಾಬಿನೆಟ್ಟಿಗೆ ಇನ್ನೊಬ್ಬರ ಕೈ ಬೇಕೇ ಬೇಕು.

ಹಳೆಯ ಟ್ಯೂಬ್ ಆಂಪ್ ಕೊಳ್ಳುವವರು ದುರಸ್ತಿಯ ಖರ್ಚನ್ನು ಬೆಲೆಯೊಳಗೇ ಸೇರಿಸಿಕೊಳ್ಳಬೇಕು. ವಿದ್ಯುತ್ ಶೋಧಿಸುವ ಕೆಪಾಸಿಟರುಗಳು ದಶಕಗಳಲ್ಲಿ ಒಣಗುತ್ತವೆ. ಎರಡೇ ಕಡ್ಡಿಯ ಹಳೆಯ ಪ್ಲಗ್ ಇದ್ದರೆ ಅರ್ತಿಂಗ್ ಇರುವ ಮೂರು ಕಡ್ಡಿಯ ತಂತಿ ಹಾಕಿಸದೆ ಅದನ್ನು ಮುಟ್ಟಲೂಬಾರದು. ಒಳಗಿನ ವೋಲ್ಟೇಜು ಪ್ಲಗ್ ಕಿತ್ತ ಮೇಲೂ ಪ್ರಾಣಾಂತಿಕವಾಗಿ ಉಳಿದಿರುವುದರಿಂದ ಈ ಕೆಲಸ ತಿಳಿದವರದೇ. ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುವ ಅಪಾಯವಿದೆ.

ಕ್ಲಾಸ್-ಡಿ ಹೆಡ್‌ಗಳಲ್ಲಿ ಈ ಯಾವ ಚಿಂತೆಯೂ ಇಲ್ಲ. 500 ವ್ಯಾಟ್‌ನ ಹೆಡ್ಡೊಂದು 3 ಕಿ.ಗ್ರಾಂ. ಒಳಗೆ ಮುಗಿಯುತ್ತದೆ. 10 ಇಂಚಿನ ಎರಡು ಸ್ಪೀಕರುಗಳ ಚಿಕ್ಕ ಕ್ಯಾಬಿನೆಟ್ಟಿಗೆ ಜೋಡಿಸಿದಾಗ ಇದರ ದನಿ ಶುಭ್ರವಾಗಿತ್ತು, ಆದರೆ ಬೆರಳಿನ ಬಿಗಿ ಹೆಚ್ಚಿಸಿದಾಗ ಟ್ಯೂಬ್ ಆಂಪ್ ಕೊಡುವ ಮರುನುಡಿ ಇದರಲ್ಲಿ ಸಿಗಲಿಲ್ಲ. ಅದೇ ಹೆಡ್ಡನ್ನು ಎಂಟು ಸ್ಪೀಕರಿನ ಕ್ಯಾಬಿನೆಟ್ಟಿಗೆ ಜೋಡಿಸಿದಾಗ ಎಸ್‌ವಿಟಿಯ ಅಂತರ ಅರ್ಧಕ್ಕಿಂತ ಹೆಚ್ಚು ಅಳಿದುಹೋಯಿತು. ಇದಕ್ಕೆ ಲೆಕ್ಕದ ಕಾರಣವಿದೆ: ವ್ಯಾಟ್ ಇಮ್ಮಡಿಯಾದರೆ ಸಿಗುವುದು ಕೇವಲ 3 ಡೆಸಿಬೆಲ್, ಅಷ್ಟೇ ಏರಿಕೆಯನ್ನು ಹೆಚ್ಚು ಸಂವೇದಿಯಾದ ಸ್ಪೀಕರ್ ಒಂದು ವ್ಯಾಟನ್ನೂ ಹೆಚ್ಚು ಕೇಳದೆ ಕೊಡಬಲ್ಲದು.

ನನ್ನ ಆಯ್ಕೆ ಹೀಗಿದೆ. ರೆಕಾರ್ಡಿಂಗಿಗೆ ಪ್ರಿಸಿಷನ್ ಮತ್ತು ಬಿ-15. ವೇದಿಕೆಗೆ ಅದೇ ಪ್ರಿಸಿಷನ್, ಕ್ಲಾಸ್-ಡಿ ಹೆಡ್, ಮತ್ತು 10 ಇಂಚಿನ ನಾಲ್ಕು ಸ್ಪೀಕರುಗಳನ್ನು ಎರಡು ಪೆಟ್ಟಿಗೆಗಳಲ್ಲಿ ಹಂಚಿ ಒಂದರ ಮೇಲೊಂದು ನಿಲ್ಲಿಸಿದ ಜೋಡಿ. ತಲಾ 8 ಓಮ್‌ನ ಎರಡು ಪೆಟ್ಟಿಗೆ ಸೇರಿ 4 ಓಮ್ ಆಗುವುದರಿಂದ ಹೆಡ್ ಅದನ್ನು ತಾಳುತ್ತದೆಯೇ ಎಂದು ಅದರ ಹಿಂಬದಿಯಲ್ಲಿ ಓದಿಕೊಳ್ಳಬೇಕು. ಮೇಲಿನ ಪೆಟ್ಟಿಗೆ ಕಿವಿಗೆ ಹತ್ತಿರವಾದಷ್ಟೂ ದನಿ ಏರಿಸುವ ಅಗತ್ಯ ಕಡಿಮೆಯಾಗುತ್ತದೆ. ಬೆರಳುಗಳಿಗೆ ಕಿರಿದಾದ ನೆಕ್ಕೇ ಬೇಕೆನ್ನುವವರು ಜಾಝ್ ಕೊಳ್ಳಲಿ. ಆದರೆ ಅವರು ಎರಡು ಪೆಟ್ಟಿಗೆಗೆ ಇಳಿಯದೆ ಎಂಟು ಸ್ಪೀಕರಿನ ಕ್ಯಾಬಿನೆಟ್ಟನ್ನೂ ಅದನ್ನು ಹೊರಲು ಜೊತೆಗಾರರನ್ನೂ ಹೊಂದಿಸಿಕೊಳ್ಳುವುದು ಒಳ್ಳೆಯದು.