ರೂಬಿಯ ಸಿಂಪಲ್‌ಡೆಲಿಗೇಟರ್: ಬ್ಯಾಡಗಿಯ ಬಿಲ್ಲಿಗೆ ಎಷ್ಟು ಸರಿ?

ಬ್ಯಾಡಗಿಯ ದಲ್ಲಾಳಿ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವಾಗ ಮೂಲ ಬಿಲ್ ಒಂದೇ ಇರುತ್ತದೆ. ಮೇಲೆ ಹಮಾಲಿ, ದಲಾಲಿ, ಸೆಸ್ಸು ಬೇಕಾದಂತೆ ಕೂಡುತ್ತವೆ. ಈ ಮೂರಕ್ಕೇ ಸಬ್‌ಕ್ಲಾಸ್ (ಮೂಲ ಕ್ಲಾಸ್‌ನಿಂದ ತೆಗೆದ ಕ್ಲಾಸ್) ಮಾಡುತ್ತ ಹೋದರೆ ಎಲ್ಲ ಜೋಡಣೆ ಸೇರಿ 7 ಕ್ಲಾಸ್ ಆಗುತ್ತವೆ. ಬಿಲ್ ಆಬ್ಜೆಕ್ಟನ್ನು ಮುಟ್ಟದೆ ಅದರ ಸುತ್ತ ಹೊದಿಕೆ ಹಾಕುವ ಸಿಂಪಲ್‌ಡೆಲಿಗೇಟರ್ ಎಂಬ ಕ್ಲಾಸ್ ರೂಬಿ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುತ್ತದೆ. ‘ಡೆಲಿಗೇಟ್’ ಲೈಬ್ರರಿಯನ್ನು ರಿಕ್ವೈರ್ ಮಾಡಿದರೆ ಮುಗಿಯಿತು.

ಬಳಕೆ ಬಾಳ ಸರಳ. ಸಿಂಪಲ್‌ಡೆಲಿಗೇಟರ್‌ನಿಂದ ‘ಹಮಾಲಿಬಿಲ್’ ಕ್ಲಾಸ್ ತೆಗೆದು, ‘ಮೊತ್ತ’ ಮೆಥಡ್ ಒಂದನ್ನೇ ಬರೆದು, ಒಳಗೆ ಸೂಪರ್ ಕರೆದು (ಇಲ್ಲಿ ಅದು ಒಳಗಿನ ಬಿಲ್‌ನ ‘ಮೊತ್ತ’ ತರುತ್ತದೆ) ಹಮಾಲಿ ಕೂಡಿಸಿ. ನೀವು ಬರೆಯದ ಮೆಥಡ್‌ಗಳೆಲ್ಲ ಮೆಥಡ್-ಮಿಸ್ಸಿಂಗ್ (ಇಲ್ಲದ ಮೆಥಡ್ ಕರೆದಾಗ ರೂಬಿ ಓಡಿಸುವ ಮೆಥಡ್) ಮೂಲಕ ಒಳಗಿನ ಬಿಲ್‌ಗೆ ಹೋಗುತ್ತವೆ. ಇನಿಶಿಯಲೈಸ್ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಮೆಥಡ್) ಬರೆದರೆ ಅದರಲ್ಲಿ ಸೂಪರ್‌ಗೆ ಬಿಲ್ ಕೊಡುವುದನ್ನು ಬಿಡಬೇಡಿ. ಬಿಟ್ಟರೆ ಒಳಗಿನ ಬಿಲ್‌ಗೆ ಹೋಗಬೇಕಾದ ಮೊದಲ ಕರೆಗೇ ಎರರ್ ಬರುತ್ತದೆ.

ಇಲ್ಲಿಯವರೆಗೆ ಎಲ್ಲ ಛಲೋ. ಈಗ 30 ಚೀಲ, 12 ಕ್ವಿಂಟಲ್ ಮೆಣಸಿನಕಾಯಿ, ಕ್ವಿಂಟಲ್‌ಗೆ 18,000 ರೂಪಾಯಿ ಎಂದಿಟ್ಟುಕೊಳ್ಳಿ. ಮೂಲ ಬಿಲ್ 2,16,000. ಚೀಲಕ್ಕೆ 20ರಂತೆ ಹಮಾಲಿ ಸೇರಿದರೆ ಹೊದಿಕೆಯ ‘ಮೊತ್ತ’ 2,16,600 ಎನ್ನುತ್ತದೆ, ಸರಿಯೇ. ಅದೇ ಹೊದಿಕೆಗೆ ‘ಪ್ರಿಂಟ್‌ಮಾಡು’ ಎಂದರೆ ಕಾಗದದ ಮೇಲೆ ಬರುವುದು 2,16,000! ಎರರ್ ಇಲ್ಲ, ವಾರ್ನಿಂಗ್ ಇಲ್ಲ. 600 ರೂಪಾಯಿ ಮಾಯ. ‘ಪ್ರಿಂಟ್‌ಮಾಡು’ ಇರುವುದು ಒಳಗಿನ ಬಿಲ್‌ನಲ್ಲಿ. ಅದು ಓಡುವಾಗ ಸೆಲ್ಫ್ (ಮೆಥಡ್ ಓಡುತ್ತಿರುವ ಆಬ್ಜೆಕ್ಟ್) ಎಂದರೆ ಒಳಗಿನ ಬಿಲ್ಲೇ, ಹಾಗಾಗಿ ತನ್ನದೇ ಹಳೆಯ ‘ಮೊತ್ತ’ವನ್ನು ಕರೆಯುತ್ತದೆ. 1986ರಲ್ಲಿ ಕಂಪ್ಯೂಟರ್ ವಿಜ್ಞಾನಿ ಹೆನ್ರಿ ಲೀಬರ್‌ಮನ್ ವಿವರಿಸಿದ ಡೆಲಿಗೇಶನ್‌ನಲ್ಲಿ (ಕೆಲಸವನ್ನು ಇನ್ನೊಂದು ಆಬ್ಜೆಕ್ಟ್‌ಗೆ ವಹಿಸುವುದರಲ್ಲಿ) ಹೀಗಾಗುವುದಿಲ್ಲ: ಕರೆ ಮೊದಲು ಯಾರಿಗೆ ಬಂದಿತ್ತೋ ಅವರೇ ಸೆಲ್ಫ್ ಆಗಿ ಉಳಿಯುತ್ತಾರೆ. ಜಾವಾಸ್ಕ್ರಿಪ್ಟ್‌ನ ಪ್ರೊಟೋಟೈಪ್ ನಡೆಯುವುದೂ ಹಾಗೆಯೇ. ರೂಬಿಯ ಈ ಲೈಬ್ರರಿ ಕರೆಯನ್ನು ಮುಂದಕ್ಕೆ ದಾಟಿಸಿ ಕೈತೊಳೆದುಕೊಳ್ಳುತ್ತದೆ.

ಪರಿಹಾರ ಎರಡಿವೆ. ಮುದ್ರಣದ ಮೆಥಡ್‌ಗೆ ಮೊತ್ತವನ್ನು ಹೊರಗಿನಿಂದಲೇ ಕೊಡುವುದು ಒಂದು; ನಮ್ಮ ಮತ ಇದಕ್ಕೇ. ಇನ್ನೊಂದು, ಹಮಾಲಿಯನ್ನು ಮಾಡ್ಯೂಲ್ (ಮೆಥಡ್‌ಗಳ ಗುಂಪು) ಮಾಡಿ ಬಿಲ್ ಮೇಲೆ ಎಕ್ಸ್‌ಟೆಂಡ್ ಕರೆಯುವುದು, ಅಂದರೆ ಆ ಆಬ್ಜೆಕ್ಟ್‌ಗೇ ಅದನ್ನು ಸೇರಿಸುವುದು. ಆಗ ಸೆಲ್ಫ್ ಒಂದೇ ಆಗಿ ಪ್ರಿಂಟ್ ಸರಿಹೋಗುತ್ತದೆ. ಆದರೆ ಹಾಕಿದ ಮಾಡ್ಯೂಲನ್ನು ಮತ್ತೆ ತೆಗೆಯಲು ಬರುವುದಿಲ್ಲ. ಇಳಿಸುವಾಗೊಮ್ಮೆ, ಏರಿಸುವಾಗೊಮ್ಮೆ ಹಮಾಲಿ ಹಾಕಬೇಕೆಂದು ಅದೇ ಮಾಡ್ಯೂಲನ್ನು ಎರಡು ಸಲ ಎಕ್ಸ್‌ಟೆಂಡ್ ಮಾಡಿದರೂ ಒಂದೇ ಸಲ ಲೆಕ್ಕಕ್ಕೆ ಬರುತ್ತದೆ. ಹೊದಿಕೆಯನ್ನು ಎಷ್ಟು ಸಲ ಬೇಕಾದರೂ ಸುತ್ತಬಹುದು.

ಹೋಲಿಕೆಯಲ್ಲೂ ಎಡವಟ್ಟಿದೆ. ಹೊದಿಕೆ == ಬಿಲ್ ಎಂದರೆ ನಿಜ; ತಿರುಗಿಸಿ ಬಿಲ್ == ಹೊದಿಕೆ ಎಂದರೆ, ಬಿಲ್ ಕ್ಲಾಸ್ ತನ್ನದೇ == ಬರೆದುಕೊಂಡಿಲ್ಲದಿದ್ದರೆ, ಸುಳ್ಳು. ಕೇಸ್-ವೆನ್‌ನಲ್ಲಿ (ಆಬ್ಜೆಕ್ಟ್ ಯಾವ ಬಗೆಯದೆಂದು ನೋಡಿ ದಾರಿ ಆರಿಸುವ ಕೋಡ್) ಬಿಲ್ ಕ್ಲಾಸ್ ಹೆಸರಿಟ್ಟರೂ ಹೊದಿಕೆ ಅದಕ್ಕೆ ಹೊಂದುವುದಿಲ್ಲ. ಹೊರಗಿನಿಂದ ಕರೆಯಲು ಬಿಡದ ಪ್ರೈವೇಟ್ ಮೆಥಡ್‌ಗಳಂತೂ ದಾಟುವುದೇ ಇಲ್ಲ.

ಒಂದೇ ಕ್ಲಾಸ್‌ಗೆ ಹೊದಿಕೆ ಹಾಕುವುದು ಖಚಿತವಿದ್ದರೆ ಅದೇ ಲೈಬ್ರರಿಯ ಡೆಲಿಗೇಟ್‌ಕ್ಲಾಸ್ ವಾಸಿ. ಮೆಥಡ್‌ಗಳನ್ನು ಮೊದಲೇ ಕಟ್ಟಿಡುವುದರಿಂದ ಪ್ರತಿ ಸಲ ಮೆಥಡ್-ಮಿಸ್ಸಿಂಗ್ ಸುತ್ತಬೇಕಿಲ್ಲ. ಮೂರ್ನಾಲ್ಕು ಮೆಥಡ್ ಸಾಕೆಂದರೆ ರೂಬಿಯದೇ ಫಾರ್ವರ್ಡೇಬಲ್ ಮಾಡ್ಯೂಲ್ ತೆಗೆದುಕೊಳ್ಳಿ. ಹೆಸರಿಟ್ಟಷ್ಟೇ ಹೊರಗೆ ಕಾಣುತ್ತವೆ, ಬಿಲ್ ಅಳಿಸುವ ಮೆಥಡ್ ಕೌಂಟರ್ ಸ್ಕ್ರೀನಿನ ಕೋಡ್‌ಗೆ ಸಿಗುವುದಿಲ್ಲ.