ಕೊಲೆಗಾರನಿಗಿಂತ ದುಃಖವೇ ಹೆಚ್ಚು ಕಾಡುವ ಪತ್ತೇದಾರಿ ಕಾದಂಬರಿ

ಜಾಕ್ವೆಲಿನ್ ವಿನ್‌ಸ್ಪಿಯರ್ ಅವರು ಮೇಸಿ ಡಾಬ್ಸ್ ಎಂಬ ಪತ್ತೇದಾರಿಣಿಯನ್ನು ಕುರಿತು ಬರೆದ ಸರಣಿಯ ಹನ್ನೊಂದನೆಯ ಕಾದಂಬರಿ ‘ಎ ಡೇಂಜರಸ್ ಪ್ಲೇಸ್’ ಪ್ರಕಟವಾದದ್ದು 2015ರಲ್ಲಿ. ಕಥೆ ನಡೆಯುವುದು 1937ರ ಏಪ್ರಿಲ್‌ನಲ್ಲಿ, ಸ್ಪೇನಿನ ದಕ್ಷಿಣ ಕರಾವಳಿಗೆ ಅಂಟಿಕೊಂಡ ಬ್ರಿಟಿಷ್ ವಸಾಹತು ಜಿಬ್ರಾಲ್ಟರಿನಲ್ಲಿ. ಭಾರತದಿಂದ ಇಂಗ್ಲೆಂಡಿಗೆ ಹೊರಟ ಹಡಗು ಅಲ್ಲಿ ತಂಗಿದಾಗ ಮೇಸಿ ಇಳಿದುಬಿಡುತ್ತಾಳೆ. ಊರಿನಲ್ಲಿ ವಯಸ್ಸಾದ ತಂದೆ ಕಾಯುತ್ತಿದ್ದಾರೆ, ಆದರೆ ಆ ಮನೆಯ ಹೊಸಿಲು ತುಳಿಯುವ ಧೈರ್ಯ ಅವಳಿಗಿಲ್ಲ.

ಇದರ ಹಿನ್ನೆಲೆಯನ್ನು ತಿಳಿಸಿರುವ ಬಗೆಯೇ ಪುಸ್ತಕದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು. ಮದುವೆ, ಕೆನಡಾದ ಸಂಸಾರ, ಪತಿ ಜೇಮ್ಸ್ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು, ಆ ಆಘಾತದಲ್ಲಿ ಹೊಟ್ಟೆಯಲ್ಲಿದ್ದ ಮಗುವೂ ಉಳಿಯದೆ ಹೋದದ್ದು, ಇಷ್ಟನ್ನೂ ಆರಂಭದ ಕೆಲವೇ ಪುಟಗಳ ಕಾಗದ, ತಂತಿಗಳಲ್ಲಿ ಲೇಖಕಿ ಮುಗಿಸಿಬಿಡುತ್ತಾರೆ. ಸಂಭ್ರಮದ ಒಕ್ಕಣೆ ಓದಿ ಹಾಳೆ ಮಗುಚಿದರೆ ಸಂತಾಪದ ಸಾಲುಗಳು ಎದುರಾಗುತ್ತವೆ; ನಡುವೆ ಏನಾಯಿತೆಂಬುದನ್ನು ಓದುಗರೇ ತುಂಬಿಕೊಳ್ಳಬೇಕು. ಮುಂದೆ ಅವಳು ಎಲ್ಲಿಯೂ ಗೋಳಾಡುವುದಿಲ್ಲವಾದರೂ, ಪ್ರತಿಯೊಂದು ಮಾತುಕತೆಯಲ್ಲಿಯೂ ಈ ಮೌನದ ಭಾರ ತಗಲುತ್ತದೆ.

ಒಂದು ರಾತ್ರಿ ಅಡ್ಡಾಡಲು ಹೋದ ಮೇಸಿಗೆ ಸೆಬಾಸ್ಟಿಯನ್ ಬಾಬಾಯೋಫ್ ಎಂಬ ಯಹೂದಿ ಛಾಯಾಗ್ರಾಹಕನ ಶವ ಸಿಗುತ್ತದೆ. 1936ರ ಜುಲೈನಲ್ಲಿ ಸ್ಪೇನಿನ ಅಂತರ್ಯುದ್ಧ ಆರಂಭವಾದಂದಿನಿಂದ ಗಡಿ ದಾಟಿ ಬಂದ ನಿರಾಶ್ರಿತರಲ್ಲಿ ಯಾರೋ ಹೊಟ್ಟೆಪಾಡಿಗಾಗಿ ಕೊಂದಿರಬೇಕೆಂದು ಪೊಲೀಸರು ಕೈತೊಳೆದುಕೊಳ್ಳುತ್ತಾರೆ. ಮೇಸಿ ಒಪ್ಪುವುದಿಲ್ಲ. ಸತ್ತವನಿಗೆ ನ್ಯಾಯ ಸಿಗಬೇಕೆಂಬ ಹಟ ಅವಳಲ್ಲಿದೆ ನಿಜ. ಆದರೆ ಪ್ರಕರಣ ಮುಗಿಯದಷ್ಟು ಕಾಲ ಊರಿಗೆ ಹಿಂದಿರುಗುವ ಪ್ರಶ್ನೆಯೂ ಏಳುವುದಿಲ್ಲ ಎಂಬುದನ್ನು ಗಮನಿಸಿದರೆ, ತನಿಖೆಯೇ ಅವಳಿಗೆ ಒಂದು ನೆಪವಾಗಿ ಒದಗಿದೆಯೇನೋ ಎನಿಸುತ್ತದೆ.

ಕಾಲದ ಆಯ್ಕೆಯೂ ಸೂಕ್ತವಾಗಿದೆ. ಜರ್ಮನಿ, ಇಟಲಿಗಳು ಸ್ಪೇನಿನ ಬಂಡಾಯ ಸೇನಾನಿ ಫ್ರಾಂಕೋಗೆ ಸೈನ್ಯ, ವಿಮಾನ ಒದಗಿಸುತ್ತಿದ್ದಾಗ ಬ್ರಿಟನ್ ಮಧ್ಯಪ್ರವೇಶ ಮಾಡುವುದಿಲ್ಲವೆಂದು ದೂರ ನಿಂತಿತ್ತು; ಅದೇ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ಬಾಂಬುಗಳು ಬಿದ್ದವು. ಏಳು ಚದರ ಕಿಲೋಮೀಟರಿಗೂ ಕಡಿಮೆ ವಿಸ್ತೀರ್ಣದ ಜಿಬ್ರಾಲ್ಟರಿನಲ್ಲಿ ಅಡಗಲು ಜಾಗವಿಲ್ಲ, ಮೇಸಿಯ ಬೆನ್ನಿಗೂ ಬ್ರಿಟಿಷ್ ಗುಪ್ತಚರರ ಕಣ್ಣಿದೆ. ಈ ಇಕ್ಕಟ್ಟು ಕಥೆಗೆ ಒಳ್ಳೆಯ ಬಿಗಿ ತಂದಿದೆ.

ಆ ಬಿಗಿ ಕೊನೆಯವರೆಗೆ ಉಳಿಯದಿರುವುದು ಬೇಸರದ ಸಂಗತಿ. ಗೂಢಚಾರಿಕೆಯ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು, ರಹಸ್ಯ ಬಿಡಿಸಬೇಕಾದ ಘಟ್ಟದಲ್ಲಿ ಪಾತ್ರಗಳು ಎದುರುಬದುರು ಕುಳಿತು ವಿವರಣೆ ಕೊಡತೊಡಗುತ್ತವೆ. ಹಡಗು ಹತ್ತುವ ಮುನ್ನ ಮೇಸಿ ಆಸರೆ ಪಡೆದ ಡಾರ್ಜೀಲಿಂಗ್ ಕೂಡ ಹೆಸರಿಗಷ್ಟೇ ಬಂದುಹೋಗುವುದು ಭಾರತೀಯ ಓದುಗರಿಗೆ ನಿರಾಸೆ ತಂದೀತು.

ಸರಣಿಗೆ ಹೊಸಬರಾದವರು ಇದರಿಂದ ಆರಂಭಿಸದಿರುವುದು ಲೇಸು. 2003ರ ಮೊದಲ ಕಾದಂಬರಿಯಲ್ಲಿ, ಮೊದಲ ಮಹಾಯುದ್ಧದ ದಾದಿಯಾಗಿದ್ದ ಮೇಸಿಯನ್ನು ಕಂಡವರಿಗೆ, ಅವಳು ಇಲ್ಲಿ ಕೊನೆಗೆ ಹಿಡಿಯುವ ದಾರಿ ಅಷ್ಟೇನೂ ಅನಿರೀಕ್ಷಿತ ಎನಿಸದು.